ಸಹಾಯ ಬೇಕು: ಲೆದರ್ ಜಾಕೆಟ್ ಆಲ್ಟರ್ ಮಾಡುವವರು ಹುಬ್ಬಳ್ಳಿಯಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಅಪ್ಪ ಬುಲೆಟ್ ಓಡಿಸುವಾಗ ಹಾಕುತ್ತಿದ್ದ ಲೆದರ್ ಜಾಕೆಟ್ ಈಗ ನನ್ನ ಹತ್ತಿರ ಇದೆ. ಕುರಿ ಚರ್ಮದ್ದು, ಬೆಣ್ಣೆಯಂತೆ ಮೆತ್ತಗಿದೆ. ಕಾಲರ್ ಹತ್ತಿರ ಮೂಗಿಟ್ಟರೆ ಇನ್ನೂ ಅವರದೇ ವಾಸನೆ. ಅದಕ್ಕೇ ಯಾರ ಕೈಗೆ ಕೊಡಲಿಕ್ಕೂ ಹೆದರಿಕೆ.

ಭುಜ ನನಗೆ ಸರಿಯಾಗಿ ಕೂರುತ್ತದೆ, ಹೊಲಿಗೆ ಮೂಳೆಯ ತುದಿಗೇ ಬರುತ್ತದೆ. ಅದು ಸರಿ ಇಲ್ಲದಿದ್ದರೆ ಈ ಆಸೆಯನ್ನೇ ಬಿಡುತ್ತಿದ್ದೆ. ಸೊಂಟದಲ್ಲಿ ಮಾತ್ರ ಎರಡೂ ಕಡೆ ಒಂದೊಂದು ಇಂಚು ಒಳಗೆ ತಗೋಬೇಕು. ಜಿಪ್ ಹಲ್ಲು ಸವೆದಿದೆ, ಹೊಸದು ಹಾಕಬೇಕು. ಹಳೆಯ ತೂತುಗಳಲ್ಲೇ ಹೊಲಿಗೆ ಹಾಕುವ ತಾಳ್ಮೆ ಇರುವವರು ಬೇಕು.

ಯಾಕೆ ಅಂದರೆ, ಹೋದ ವರ್ಷ ನನ್ನ ಲೆದರ್ ವೆಸ್ಟ್ (ತೋಳಿಲ್ಲದ ಕೋಟು) ಒಬ್ಬ ಟೈಲರ್‌ಗೆ ಕೊಟ್ಟು ಕೆಟ್ಟೆ. ಗುಂಡುಪಿನ್ ಚುಚ್ಚಿ ಅಳತೆ ನೋಡಿದರು. ಬಟ್ಟೆ ಸೂಜಿಯಲ್ಲೇ ಹೊಲಿದರು, ಆಮೇಲೆ ತಪ್ಪಾಯಿತೆಂದು ಬಿಚ್ಚಿದರು. ಬಟ್ಟೆಯಾದರೆ ಒಗೆದಾಗ ತೂತು ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಹಾಗೇ ಉಳಿಯುತ್ತದೆ ಅಲ್ವಾ? ಬೆನ್ನಿನ ಮೇಲೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಮೇಲಿಂದ ಇಸ್ತ್ರಿ ಬೇರೆ ಇಟ್ಟಿದ್ದರು, ಒಂದು ಕಡೆ ಚರ್ಮ ಸುಕ್ಕುಗಟ್ಟಿದೆ.

ದುರ್ಗದಬೈಲ್, ಕೊಪ್ಪಿಕರ್ ರಸ್ತೆ ಕಡೆ ಅಥವಾ ಧಾರವಾಡದ ಸುಭಾಷ್ ರಸ್ತೆಯಲ್ಲಿ ಚರ್ಮದ ಸೂಜಿ ಇಟ್ಟುಕೊಂಡು, ಪಿನ್ ಬದಲು ಕ್ಲಿಪ್ ಹಾಕಿ ಕೆಲಸ ಮಾಡುವವರು ಗೊತ್ತಾ? ಸೀಟ್ ಕವರ್ ಹೊಲಿಯುವವರಲ್ಲಿ ಗಟ್ಟಿ ಮಷಿನ್ ಇರುತ್ತದೆ, ಆದರೆ ಇಷ್ಟು ತೆಳು ಚರ್ಮಕ್ಕೆ ಅದು ಸರಿಹೋಗುತ್ತಾ? ನೀವೇ ಮಾಡಿಸಿದ ಜಾಕೆಟ್ ಇದ್ದರೆ ಹೊಲಿಗೆಯ ಫೋಟೊ ಹಾಕಿ. ಖರ್ಚು ಜಾಸ್ತಿ ಆದರೂ ಪರವಾಗಿಲ್ಲ.