ವಿಸಿಟಿಂಗ್ ಕಾರ್ಡಲ್ಲಿ ಯಕ್ಷಗಾನ ಹಾಕಿದ್ರೆ ಜಾಸ್ತಿ ಆಯ್ತಾ?

ಬದಿಯಡ್ಕದವ:
ನಾನು ಮನೆಯಲ್ಲೇ ಕೂತು ಮಲಯಾಳ-ಕನ್ನಡ ಅನುವಾದ ಮಾಡುವವ, ಜಾಗದ ಕಾಗದಪತ್ರ, ನೋಟೀಸು, ಅಂಥದ್ದು. ಇಷ್ಟು ದಿನ ನಂಬರು ಚೀಟಿಯಲ್ಲಿ ಬರೆದು ಕೊಡ್ತಿದ್ದೆ, ಈಗ ಒಂದು ಕಾರ್ಡ್ ಮಾಡಿಸುವ ಅಂತ. ಬರೀ ಹೆಸರು ನಂಬರು ಹಾಕಿದ್ರೆ ಇನ್ಶೂರೆನ್ಸ್ ಏಜೆಂಟನ ಹಾಗೆ ಕಾಣ್ತದೆ, ನನ್ನದು ಅಂತ ಏನಾದ್ರೂ ಬೇಕಲ್ವಾ. ಯಕ್ಷಗಾನ ಆಟದ ಹುಚ್ಚುಂಟು, ಸ್ವಲ್ಪ ಚೆಂಡೆ ಬಾರಿಸ್ತೇನೆ, ತೋಟ ಉಂಟು. ಇದನ್ನೆಲ್ಲ ಒಬ್ಬ ಡಿಸೈನರಿಗೆ ಹೇಳಿದ್ದೇ ತಪ್ಪಾಯ್ತು ಮಾರಾಯ್ರೇ, ಹಿಂದೆ ಬೇಕಲ ಕೋಟೆ, ಬದಿಯಲ್ಲಿ ಅಡಿಕೆ ಗೊನೆ, ಮೂಲೆಯಲ್ಲಿ ಒಂದು ವೇಷ, ನಡುವೆ ನನ್ನ ಹೆಸರು ಹುಡುಕ್ಬೇಕು! ಆ ವೇಷವೂ ನಮ್ಮ ತೆಂಕುತಿಟ್ಟಿನದ್ದಲ್ಲ, ಬಡಗುತಿಟ್ಟಿನ ಮುಂಡಾಸಿನದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವ ಇದನ್ನು ಹಿಡ್ಕೊಂಡು ವೇಷ ಕಟ್ಟುವ ಚೌಕಿಗೆ ಹೋಗ್ಲಿಕ್ಕುಂಟಾ? ಎಂತ ಮಾಡುವುದು ಹೇಳಿ.

ಹಳೇ ಡಿಟಿಪಿ:
ಅಣ್ಣ, ಕಾರ್ಡ್ ಇರುವುದೇ ಮೂರೂವರೆ ಇಂಚು ಉದ್ದ, 2 ಇಂಚು ಅಗಲ, ಅದರಲ್ಲಿ ಕೋಟೆ ಕಟ್ಟಿದ್ರೆ ನೀವು ಎಲ್ಲಿ ಕೂರುವುದು. ಒಂದೇ ಚಿತ್ರ ಇಟ್ಕೊಳ್ಳಿ. ಕನ್ನಡ ಒಂದು ಬದಿ, ಮಲಯಾಳ ಇನ್ನೊಂದು ಬದಿ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು, ಇಂಗ್ಲಿಷಿನ ಲೆಕ್ಕದಲ್ಲಿ ಗೆರೆ ಹತ್ರ ಹತ್ರ ಇಟ್ರೆ ಒಂದರ ಒತ್ತು ಇನ್ನೊಂದರ ತಲೆಗೆ ಹೊಡೀತದೆ. ಮತ್ತೆ ಮುಖ್ಯ ವಿಷಯ, ಪ್ರೆಸ್ಸಿನ ಹಳೇ ಸಾಫ್ಟ್‌ವೇರಲ್ಲಿ ಯೂನಿಕೋಡ್ ಹಾಕಿದ್ರೆ ಒತ್ತಕ್ಷರ ಒಡೆದು ಹೋಗುವುದುಂಟು. ನಾನು ಕೆಲಸ ಮಾಡ್ತಿದ್ದಲ್ಲಿ ಒಬ್ರ ಕಾರ್ಡಲ್ಲಿ ‘ಕನ್‌ನಡ’ ಅಂತ ಸಾವಿರ ಪ್ರಿಂಟಾಗಿತ್ತು, ಅವರು ಕನ್ನಡ ಮಾಸ್ಟ್ರು ಬೇರೆ. ಹಾಗಾಗಿ ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿಸಿ, ಅಂದ್ರೆ ಗೆರೆಯ ಚಿತ್ರವಾಗಿ ಬದಲಿಸಿ, ಪಿಡಿಎಫ್ ಕೊಡಿ, ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದ್ರೆ ಕತ್ತರಿಸುವಾಗ ಹೋಗುವ ಹೆಚ್ಚಿನ ಅಂಚು, ಬಿಡ್ಲಿಕ್ಕೆ ಹೇಳಿ, ಒಂದು ಪ್ರೂಫ್ ಕಾಗದದಲ್ಲೇ ತೆಗೆಸಿ ನೋಡಿ. ಮೊಬೈಲಲ್ಲಿ ಹೊಳೆಯುವ ಕೇಸರಿ ಪ್ರಿಂಟಲ್ಲಿ ಮಂಕಾಗ್ತದೆ, ಆಮೇಲೆ ಬೈಬೇಡಿ.

ಪೆರ್ಲದ ಅಕ್ಕ:
ವೇಷ ಬೇಡವೇ ಬೇಡ, ಅಷ್ಟು ಸಣ್ಣದ್ರಲ್ಲಿ ಕಿರೀಟ ಇರುವೆಗೂಡಿನ ಹಾಗೆ ಕಾಣ್ತದೆ. ಚಕ್ರತಾಳ ಹಾಕಿ, ಆ ದುಂಡನೆಯ ಜೋಡಿ ತಾಳ! ತೆಂಕಿನ ಹಿಮ್ಮೇಳದ್ದೇ, ಎರಡು ವೃತ್ತ ಎಳೆದ್ರೆ ಮುಗೀತು, ಎರಡು ಭಾಷೆ ಜೋಡಿಸುವವರಿಗೆ ಅದಕ್ಕಿಂತ ಸರಿಯಾದ್ದು ಎಂತ ಬೇಕು. ಗೊತ್ತಿದ್ದವರು ಹಿಡಿದು ಮಾತಾಡಿಸ್ತಾರೆ, ಗೊತ್ತಿಲ್ಲದವರಿಗೆ ಅದು ಬರೀ ಚಂದದ ಗುರುತು. ಬಣ್ಣ ಒಂದೇ ಸಾಕು, ಹಣ್ಣಡಿಕೆಯದ್ದು, ನಿಮ್ಮ ತೋಟವೂ ಬಂತಲ್ಲ. ಮತ್ತೆ ಮಲಯಾಳದ ಬದಿಗೆ ಲ್ಯಾಮಿನೇಷನ್ ಮಾಡಿಸ್ಬೇಡಿ, ‘ಸೋಮವಾರ ಬನ್ನಿ’ ಅಂತ ಪೆನ್ನಲ್ಲಿ ಬರೆದು ಕೊಡ್ಲಿಕ್ಕಾಗ್ಬೇಕು.

ಸುಮ್ನೆ ಓದುವವ:
ಇದೆಲ್ಲ ಯಾಕೆ, ಕ್ಯೂಆರ್ ಒಂದು ಹಾಕಿ ಬಿಡಿ ಸಾಕು.

ಹಳೇ ಡಿಟಿಪಿ:
ಜಾಗದ ಕಾಗದ ಹಿಡ್ಕೊಂಡು ಬರುವ ಅಜ್ಜಂದಿರು ಸ್ಕ್ಯಾನ್ ಮಾಡ್ತಾರಾ? ನಂಬರು ದೊಡ್ಡದಾಗಿ ಇರ್ಲಿ. ಕ್ಯೂಆರ್ ಬೇಕೇ ಬೇಕಾದ್ರೆ 2 ಸೆಂಟಿಮೀಟರಿಗಿಂತ ಸಣ್ಣ ಮಾಡ್ಬೇಡಿ, ಸುತ್ತ ಬಿಳಿ ಜಾಗ ಬಿಡಿ.

ಬದಿಯಡ್ಕದವ:
ಅಕ್ಕಾ ಚಕ್ರತಾಳ ಹಿಡಿಸಿತು, ನಿನ್ನೆ ರಾತ್ರಿ ಕೂತು ನಾನೇ ಗೆರೆ ಎಳೆದೆ. ಅಮ್ಮನಿಗೆ ತೋರಿಸಿದ್ರೆ “ಇದೆಂತ, ಕನ್ನಡಕದ ಅಂಗಡಿ ಇಡ್ತೀಯಾ?” ಕೇಳಿದ್ರು. ಒಂದನ್ನು ಓರೆ ಮಾಡಿ ಹಿಡಿಯುವ ದಾರ ಸೇರಿಸಿದ್ಮೇಲೆ ಗುರ್ತ ಸಿಕ್ಕಿತು. ಕೋಟೆ ಬಿಟ್ಟೆ. ನಾಳೆ ಪ್ರೂಫ್ ತೆಗೆಸ್ತೇನೆ, ಮೊದಲು ‘ನ್ನ’ ನೋಡ್ತೇನೆ.