ಆರು ಅಶೋಕ ಗಿಡ, ನಾಲ್ಕೂವರೆ ಅಡಿ ಗೋಡೆ

ಬೆಳಿಗ್ಗೆ 6:12ಕ್ಕೆ ಹುಬ್ಬಳ್ಳಿಯ ವೈನಿ ನಮ್ಮ ಮನೆತನದ ಗುಂಪಿಗೆ ಒಂದು ಸಂದೇಶ ದಾಟಿಸಿದರು: "ಮನೆಯ ಮುಂದೆ ಒಂದು ಸಾಲು ಅಶೋಕ ಗಿಡ ನೆಟ್ಟರೆ ವಾಹನಗಳ ಸದ್ದು ಅರ್ಧಕ್ಕೆ ಇಳಿಯುತ್ತದೆ. ಹತ್ತು ಜನರಿಗೆ ತಿಳಿಸಿ." ಕೆಳಗೆ ತಮ್ಮದೊಂದು ಸಾಲು: "ಗದಗ ರಸ್ತೆಯ ಲಾರಿಗಳಿಂದ ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ."

ಬೇಟಗೇರಿಯ ತಮ್ಮ: ಅಳೆದವರು ಯಾರು? ಒಂದು ಸಾಲು ಗಿಡವೆಂದರೆ ಸದ್ದಿಗೆ ಜರಡಿ ಹಿಡಿದಂತೆ. ಆಚೆಯದು ಕಾಣದಷ್ಟು ದಟ್ಟವಾಗಿ 30 ಮೀಟರ್ ಅಗಲಕ್ಕೆ ಬೆಳೆದಿದ್ದರೆ ಸದ್ದಿನ ಅಳತೆಯಾದ ಡೆಸಿಬೆಲ್‌ನಲ್ಲಿ ಸುಮಾರು 5 ಇಳಿಯಬಹುದು. ಅರ್ಧವಾಯಿತು ಎಂದು ಕಿವಿಗೆ ಅನ್ನಿಸಲು 10 ಇಳಿಯಬೇಕು.

ಕಾಕಾ: ಗಿಡ ನೆಡುವುದು ಪುಣ್ಯದ ಕೆಲಸ. ಅದಕ್ಕೂ ಲೆಕ್ಕ ಕೇಳುವ ಕಾಲ ಬಂತು. ಸದ್ದು ಮನಸ್ಸಿನಲ್ಲಿದೆ, ರಸ್ತೆಯಲ್ಲಿಲ್ಲ.

ವೈನಿ: ಮನಸ್ಸಿಗೆ ಏರ್ ಹಾರ್ನ್ ಇರುವುದಿಲ್ಲ ಕಾಕಾ.

ತಮ್ಮ: ಸದ್ದು ತಡೆಯಬೇಕಾದರೆ ಗೋಡೆ ಬೇಕು. ಲಾರಿ ಕಣ್ಣಿಗೆ ಮರೆಯಾಗುವಷ್ಟು ಎತ್ತರವಾದರೆ ಸುಮಾರು 5 ಡೆಸಿಬೆಲ್ ಕಡಿಮೆ, ಅದರ ಮೇಲೆ ಪ್ರತಿ ಮೀಟರಿಗೆ ಒಂದೂವರೆಯಷ್ಟು. ನಡುವೆ ಸಂದು ಇರಬಾರದು, ಜಾಳಿಗೆಯ ಗೇಟಂತೂ ಇರಲೇಬಾರದು.

"ಗೋಡೆ" ಎಂಬ ಪದ ಬಂದದ್ದೇ ತಡ, ಗಿಡವನ್ನು ಎಲ್ಲರೂ ಮರೆತರು.

ವೈನಿ: ಹನ್ನೆರಡು ವರ್ಷದ ಹಿಂದೆ ನಮ್ಮ ಅಂಗಳದ ಗೋಡೆಯನ್ನು ಏಳು ಅಡಿಗೆ ಏರಿಸಲು ಹೊರಟಾಗ, ಪಕ್ಕದ ನಿಮ್ಮ ಮನೆಯ ಪಡಸಾಲೆಗೆ ಗಾಳಿ ಬರುವುದಿಲ್ಲವೆಂದು ಗೌಂಡಿಯನ್ನು ವಾಪಸ್ ಕಳಿಸಿದವರು ಯಾರು ಕಾಕಾ? ಗೋಡೆ ಇಂದಿಗೂ ನಾಲ್ಕೂವರೆ ಅಡಿಯಲ್ಲೇ ನಿಂತಿದೆ.

ಕಾಕಾ: ಗೌಂಡಿಗೆ ಆ ದಿನದ ಕೂಲಿ ಕೊಟ್ಟವನೂ ನಾನೇ. ಅದನ್ನೂ ಬರೆಯಿರಿ.

ಪುಣೆಯ ಅಕ್ಕ: ಬೇಟಗೇರಿಯ ಮನೆಯಲ್ಲಿ ಮಗ್ಗದ ಲಟಪಟಕ್ಕೇ ನಿದ್ದೆ ಬರುತ್ತಿತ್ತು, ನೆನಪಿದೆಯೇ? ವಿದ್ಯುತ್ ಹೋಗಿ ಮಗ್ಗ ನಿಂತರೆ ನಾವೆಲ್ಲ ಎದ್ದು ಕುಳಿತುಕೊಳ್ಳುತ್ತಿದ್ದೆವು. ಅಜ್ಜಿ ಕತ್ತಲಲ್ಲೇ ಶೇಂಗಾ ಉಂಡೆ ಹಂಚುತ್ತಿದ್ದಳು.

ತಮ್ಮ: ಅಜ್ಜನ ಕಿವಿ ಮಂದವಾದದ್ದೂ ಆ ಲಟಪಟದಿಂದಲೇ. ಮಗ್ಗಗಳ ನಡುವೆ ತಟ್ಟಿ ಕಟ್ಟಿದರೂ ಸದ್ದು ತಗಡಿನ ಚಾವಣಿಗೆ ಬಡಿದು ಈಚೆ ಬೀಳುತ್ತಿತ್ತು. ಸದ್ದು ಹೀರುವ ಹೊದಿಕೆ ಬೇಕಾಗಿದ್ದದ್ದು ಚಾವಣಿಗೆ.

ಕಾಕಾ: ಅಪ್ಪನ ಕಿವಿ ಚೆನ್ನಾಗಿಯೇ ಇತ್ತು. ಬೇಕಾದವರ ಮಾತು ಮಾತ್ರ ಕೇಳುತ್ತಿದ್ದ.

ಇದಕ್ಕೆ ಹನ್ನೊಂದು ನಗುಮುಖಗಳು ಬಂದವು. ಅವುಗಳ ಕೆಳಗೆ ತಮ್ಮ ಕೇಳಿದ: "ವೈನಿ, ನೀವು ಮಲಗುವುದು ಮಹಡಿಯಲ್ಲಲ್ಲವೇ? ಅಲ್ಲಿಂದ ಲಾರಿ ಕಾಣುತ್ತಿದ್ದರೆ ಏಳು ಅಡಿ ಗೋಡೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಮೊದಲು ಕಿಟಕಿಯ ಸಂದುಗಳನ್ನು ಮುಚ್ಚಿಸಿ."

ಹನ್ನೆರಡು ವರ್ಷಗಳ ಜಗಳದ ಬುಡವೇ ಅಲ್ಲಾಡಿತ್ತು. ನೋಡಿದವರು ಇಪ್ಪತ್ತಮೂರು ಜನ, ಉತ್ತರ ಒಂದೂ ಇಲ್ಲ.

ಸಂಜೆ ವೈನಿ ಒಂದು ಚಿತ್ರ ಹಾಕಿದರು: ಆಟೋದ ಹಿಂದಿನ ಸೀಟಿನಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಗಳ ಆರು ಅಶೋಕ ಸಸಿಗಳು, ಒಂದರ ತುದಿ ಮುರಿದಿದೆ.

ಕಾಕಾ ಕೂಡಲೇ ಬರೆದರು: "ನನ್ನ ಕಡೆಯ ಗೋಡೆಯಿಂದ ಎರಡು ಅಡಿ ಬಿಟ್ಟು ನೆಡಿ. ಎಲೆ ನಮ್ಮ ಅಂಗಳಕ್ಕೆ ಬೀಳುತ್ತದೆ."