ಸರ್ಕಾರಿ ವಿಮೆ ಒಪ್ಪುವ ಫಿಸಿಯೋಥೆರಪಿಸ್ಟ್ ಹತ್ತಿರದಲ್ಲೇ ಬೇಕು, ಹುಡುಕೋದು ಹೇಗೆ?

ಪ್ರಶ್ನೆ: ಅಮ್ಮನಿಗೆ ಬಲ ಮಂಡಿಯ ಕೀಲು ಬದಲಾಯಿಸುವ ಆಪರೇಷನ್ ಆಗಿದೆ. ಮನೆಗೆ ಹೋದ ಮೇಲೂ ಫಿಸಿಯೋಥೆರಪಿ ಬೇಕು ಅಂದಿದ್ದಾರೆ. ಸರ್ಕಾರಿ ಆರೋಗ್ಯ ವಿಮೆ ಇದೆ, ಆದರೆ ಪಟ್ಟಿಯಲ್ಲಿರುವ ಕ್ಲಿನಿಕ್‌ಗಳಿಗೆ ಫೋನ್ ಮಾಡಿದರೆ ‘ಈಗ ತಗೊಳ್ತಿಲ್ಲ’ ಅಂತಾರೆ. ಏನು ಮಾಡಲಿ?

ಉತ್ತರ (ಫಿಸಿಯೋಥೆರಪಿಸ್ಟ್): ಮೇಡಂ, ಕ್ಲಿನಿಕ್ ಹುಡುಕುವ ಮೊದಲು ವಿಮೆಯ ಸಹಾಯವಾಣಿಗೆ ಫೋನ್ ಮಾಡಿ. ಕೆಲವು ಯೋಜನೆಗಳು ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗಿನ ಫಿಸಿಯೋಥೆರಪಿಗೆ ಮಾತ್ರ ಹಣ ಕೊಡುತ್ತವೆ. ದಿನಾ ಬಂದು ಹೋಗುವ ಚಿಕಿತ್ಸೆಗೆ ಕೊಡುವುದಿಲ್ಲ. ಅದು ಇದೆಯೇ, ಎಷ್ಟು ಸಲಕ್ಕೆ, ಎಷ್ಟು ದಿನದೊಳಗೆ, ಮುಂಗಡ ಅನುಮತಿ ಬೇಕೇ, ಕೈಯಿಂದ ಎಷ್ಟು ಕಟ್ಟಬೇಕು, ಇಷ್ಟನ್ನೂ ಕೇಳಿ, ಕರೆಯ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ.

ಆಮೇಲೆ ಕ್ಲಿನಿಕ್‌ಗೆ ಫೋನ್ ಮಾಡುವಾಗ ‘ಸರ್ಕಾರಿ ವಿಮೆ ನಡೆಯುತ್ತಾ’ ಅಂತ ಕೇಳಬೇಡಿ. ಕಾರ್ಡಿನ ಮೇಲಿರುವ ಯೋಜನೆಯ ಪೂರ್ತಿ ಹೆಸರು ಹೇಳಿ. ಕ್ಲಿನಿಕ್ ಆ ಯೋಜನೆಯಲ್ಲಿ ನೋಂದಣಿಯಾಗಿದ್ದರೂ ಅಲ್ಲಿ ನಿಮ್ಮನ್ನು ನೋಡುವ ಥೆರಪಿಸ್ಟ್ ನೋಂದಣಿಯಾಗಿರದೆ ಬಿಲ್ ವಾಪಸ್ ಬರುವುದುಂಟು, ಹಾಗಾಗಿ ಅವರ ಹೆಸರನ್ನೂ ಖಚಿತ ಮಾಡಿಕೊಳ್ಳಿ. ಪಟ್ಟಿಗಳು ಹಳೆಯದಾಗಿರುತ್ತವೆ. ಆಪರೇಷನ್ ಆದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ, ಫಿಸಿಯೋಥೆರಪಿ ಕಾಲೇಜುಗಳ ಹೊರರೋಗಿ ವಿಭಾಗ ಇವೆರಡನ್ನೂ ಬಿಡದೆ ವಿಚಾರಿಸಿ. ಎಷ್ಟೋ ಜನಕ್ಕೆ ಇವು ಹೊಳೆಯುವುದೇ ಇಲ್ಲ.

ಪ್ರಶ್ನೆ: ಡಾಕ್ಟರ್ ಚೀಟಿಯಲ್ಲಿ ಬರೀ ‘ಫಿಸಿಯೋಥೆರಪಿ’ ಅಂತ ಇದೆ. ಸಾಕಾ?

ಉತ್ತರ (ಆಸ್ಪತ್ರೆಯ ವಿಮಾ ವಿಭಾಗ): ಸಾಲದು. ತಿರಸ್ಕಾರವಾಗುವ ಎಷ್ಟೋ ಅರ್ಜಿಗಳ ಕಥೆ ಇದೇ. ಏನು ಆಪರೇಷನ್, ಯಾವ ಕಾಲು, ಯಾವ ದಿನ, ವಾರಕ್ಕೆ ಎಷ್ಟು ಸಲದಂತೆ ಎಷ್ಟು ವಾರ, ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ತಾರೀಖು ಎಲ್ಲ ಇರಬೇಕು. ಐಸಿಡಿ-10 ಕೋಡ್ (ಕಾಯಿಲೆ, ಆರೋಗ್ಯ ಸ್ಥಿತಿಗಳಿಗೆ ಇರುವ ಅಂತರರಾಷ್ಟ್ರೀಯ ಸಂಕೇತ) ಕೇಳಿದರೆ ಕೃತಕ ಕೀಲು ಇರುವುದಕ್ಕೆ ಜ಼ೆಡ್96.6. ಬರೀ ‘ಮಂಡಿ ನೋವು’ ಅಂತ ಬರೆಸಿದರೆ ಆಪರೇಷನ್ ನಂತರದ ಚಿಕಿತ್ಸೆ ಅನ್ನುವುದು ತಿಳಿಯುವುದೇ ಇಲ್ಲ. ಮುಂಗಡ ಅನುಮತಿ ಬೇಕಾದ ಕಡೆ, ಅದು ಕೈಸೇರುವ ಮುಂಚೆ ಚಿಕಿತ್ಸೆ ಶುರು ಮಾಡಿದರೆ ಆ ದಿನಗಳ ಹಣ ಸಾಮಾನ್ಯವಾಗಿ ಸಿಗದು. ಅವಧಿ ಮುಂದುವರಿಸಬೇಕಾದರೆ ಮುಗಿಯುವ ಮೊದಲೇ ಅರ್ಜಿ ಹಾಕಿ. ‘ಸುಧಾರಿಸಿದೆ’ ಅನ್ನುವುದಕ್ಕಿಂತ ‘ಮಡಚುವುದು 70 ಡಿಗ್ರಿಯಿಂದ 95ಕ್ಕೆ ಬಂದಿದೆ, ಮೆಟ್ಟಿಲು ಹತ್ತಲು ಇನ್ನೂ ಆಗುತ್ತಿಲ್ಲ’ ಅನ್ನುವ ವರದಿಗೆ ಬೆಲೆ ಹೆಚ್ಚು.

ಪ್ರಶ್ನೆ: ಅಪಾಯಿಂಟ್‌ಮೆಂಟ್ ಮೂರು ವಾರದ ಮೇಲೆ ಸಿಕ್ಕಿದೆ. ಅಲ್ಲಿಯವರೆಗೆ?

ಉತ್ತರ (ಫಿಸಿಯೋಥೆರಪಿಸ್ಟ್): ಮೂರು ವಾರ ಸುಮ್ಮನೆ ಕೂರಿಸಬೇಡಿ, ಮಂಡಿ ಬಿಗಿದುಕೊಳ್ಳುತ್ತದೆ. ರದ್ದಾದ ಜಾಗ ಇದ್ದರೆ ಕರೆಯಿರಿ ಅಂತ ಕ್ಲಿನಿಕ್‌ನಲ್ಲಿ ಹೆಸರು ಬರೆಸಿ. ಸರ್ಜನ್ ಬೇಡ ಅಂದಿರದಿದ್ದರೆ ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು 10 ಸಲ ಮೇಲೆ ಕೆಳಗೆ ಆಡಿಸಲಿ. ಕಾಲು ನೀಡಿ ತೊಡೆಯ ಮುಂಭಾಗ ಬಿಗಿಹಿಡಿದು 5 ಸೆಕೆಂಡ್ ಇಟ್ಟು ಬಿಡುವುದು, ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿ ಮಡಚುವುದು, ತಲಾ 10 ಸಲ, ದಿನಕ್ಕೆ ಮೂರು ಹೊತ್ತು. ಹಿತವೆನಿಸುತ್ತದೆ ಅಂತ ಮಂಡಿ ಕೆಳಗೆ ದಿಂಬು ಇಡಲೇಬೇಡಿ, ಕಾಲು ಪೂರ್ತಿ ನೇರವಾಗದೆ ಉಳಿದುಬಿಡುತ್ತದೆ. ಆರು ವಾರಕ್ಕೂ 90 ಡಿಗ್ರಿ ಮಡಚದಿದ್ದರೆ ಸರ್ಜನ್‌ಗೆ ತೋರಿಸಿ. ಮೀನಖಂಡ ಊದಿ ನೋಯುತ್ತಿದ್ದರೆ, ಗಾಯದಿಂದ ಕೀವು ಅಥವಾ ಜ್ವರ ಬಂದರೆ ವಿಮೆ, ಅನುಮತಿ ಯಾವುದಕ್ಕೂ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಎದೆನೋವು, ಉಸಿರುಗಟ್ಟುವಿಕೆ ಇದ್ದರೆ ಆ ಕ್ಷಣವೇ.